ರಕ್ತದ ಹದ

ಪಾಕ ಹಿಡಿಯುವಾಗ ಗೃಹಿಣಿಯು ಒಲೆಯ ಬಳಿಯಿಂದ ಕದಲುವುದಿಲ್ಲ. ಎಳೆ ಬರುವ ಮೊದಲೇ ಇಳಿಸಿದರೆ ಉಂಡೆ ಕಟ್ಟದು. ಕೊಂಚ ತಡೆದು ಇಳಿಸಿದರೆ ಕಲ್ಲಾದೀತು. ಈ ಎರಡರ ನಡುವಣ ಸ್ಥಿತಿಗೆ ನಮ್ಮ ಹಿರಿಯರು ‘ಹದ’ ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ನಮ್ಮ ದೇಹದಲ್ಲಿ ಹರಿಯುವ ರಕ್ತಕ್ಕೂ ಇಂತಹದೇ ಒಂದು ಹದವುಂಟು. ಗಾಯವಾದೊಡನೆ ಅದು ಹೆಪ್ಪುಗಟ್ಟಬೇಕು. ನಾಳಗಳೊಳಗೆ ಹರಿಯುತ್ತಿರುವಾಗ ಹೆಪ್ಪುಗಟ್ಟಕೂಡದು. ಮೊದಲನೆಯದು ತಪ್ಪಿದರೆ ರಕ್ತಸ್ರಾವ. ಎರಡನೆಯದು ತಪ್ಪಿದರೆ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ನಾಳಕ್ಕೆ ಬಂದಡರುವ ಗರಣೆ.

ನಿಸರ್ಗವು ತಾನಾಗಿ ಕಾಯುವ ಈ ಹದವನ್ನು ಕೆಲವರ ವಿಷಯದಲ್ಲಿ ಔಷಧದಿಂದ ಕಾಯಬೇಕಾಗುತ್ತದೆ. ಸಂಧಿವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟು ಲೋಹದ ಕವಾಟವನ್ನು ಜೋಡಿಸಿಕೊಂಡವರು, ಹೃದಯವು ತಾಳತಪ್ಪಿ ಬಡಿಯುವವರು, ಕಾಲಿನ ನಾಳದಲ್ಲಿ ಹೆಪ್ಪು ಕಟ್ಟಿ ನರಳಿದವರು, ಇಂಥವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳನ್ನು ತಿಂಗಳುಗಟ್ಟಲೆ, ಎಷ್ಟೋ ಸಲ ಜೀವಮಾನವೆಲ್ಲ, ಸೇವಿಸಬೇಕಾಗುವುದು. ಆಸ್ಪತ್ರೆಯಲ್ಲಿರುವ ನಾಲ್ಕು ದಿನ ದಾದಿಯರು ನೋಡಿಕೊಳ್ಳುತ್ತಾರೆ. ಉಳಿದ ವರ್ಷಗಳಲ್ಲಿ ಆ ಭಾರವನ್ನು ಹೊರುವವರು ಯಾರು? ಮನೆಯವರು. ಆದುದರಿಂದಲೇ ಈ ವಿಷಯವನ್ನು ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ.

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಮೊದಲು ಹೇಳುವೆವು. ಆ ಮನೆಯ ಹಿರಿಯ ತಾಯಿಗೆ ಕವಾಟದ ಶಸ್ತ್ರಚಿಕಿತ್ಸೆಯಾಗಿ ಹನ್ನೆರಡು ವರ್ಷಗಳಾಗಿದ್ದುವು. ಸೊಸೆಯು ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ತಪ್ಪದೆ ಗುಳಿಗೆ ಕೊಡುವಳು. ಒಂದು ಚಳಿಗಾಲದಲ್ಲಿ ಆ ತಾಯಿಗೆ ಮಂಡಿನೋವು ಹೆಚ್ಚಾಯಿತು. ನೆರೆಮನೆಯವರು ತಮಗೆ ಗುಣ ಕೊಟ್ಟಿದ್ದ ನೋವಿನ ಗುಳಿಗೆಯ ಪಟ್ಟಿಯೊಂದನ್ನು ಸದ್ಭಾವದಿಂದಲೇ ತಂದುಕೊಟ್ಟರು. ಹತ್ತು ದಿನ ನೋವು ಇಳಿಯಿತು. ಅನಂತರ ಮೂರು ದಿನ ಮಲವು ಡಾಮರಿನಂತೆ ಕಪ್ಪಾಗಿ ಹೋಯಿತು. ಆಕೆ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ಬೆಳಗ್ಗೆ ಹಿತ್ತಿಲಿನಲ್ಲಿ ತಲೆ ತಿರುಗಿ ಕುಸಿದರು. ಆಸ್ಪತ್ರೆಯಲ್ಲಿ ವೈದ್ಯರು, “ವಾಡಿಕೆಯ ಗುಳಿಗೆಯಲ್ಲದೆ ಬೇರೇನು ಕೊಟ್ಟಿರಿ?” ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ರಕ್ತ ಕೊಟ್ಟು, ಜಠರದ ಹುಣ್ಣಿಗೆ ಚಿಕಿತ್ಸೆ ಮಾಡಿ ಉಳಿಸಿದರು. ತರುವಾಯ ಸೊಸೆಯು, “ಮೊದಲೇ ಏಕೆ ಹೇಳಲಿಲ್ಲ?” ಎಂದು ಕೇಳಿದಾಗ ಆ ತಾಯಿ ಹೇಳಿದ್ದು ಇಷ್ಟೆ: “ಇಂಥಾದ್ದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲಿ?”

ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಗುಳಿಗೆಯೂ ಒಂದು ದಿನ ತಪ್ಪಿರಲಿಲ್ಲ. ಕೊರತೆಯಿದ್ದುದು ತಿಳಿವಳಿಕೆಗೆ ಮತ್ತು ಬಿಚ್ಚುಮಾತಿಗೆ.

ಔಷಧದ ಪೂರ್ವಕಥೆ

ಈ ಔಷಧವು ಬಂದ ಬಗೆಯನ್ನು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. 1920ರ ಸುಮಾರಿಗೆ ಉತ್ತರ ಅಮೆರಿಕೆಯಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಒಣಹುಲ್ಲನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದುವು. 1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ಪ್ರಾಂತದ ಒಬ್ಬ ರೈತನು ಹಿಮದ ಬಿರುಗಾಳಿಯಲ್ಲಿ ಸತ್ತ ಕಡಸನ್ನೂ, ಒಂದು ಹಾಲಿನ ಡಬ್ಬಿಯ ತುಂಬ ಹೆಪ್ಪುಗಟ್ಟದ ರಕ್ತವನ್ನೂ, ಆ ಹುಲ್ಲನ್ನೂ ಹೇರಿಕೊಂಡು ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿದು 1939ರಲ್ಲಿ ಹುಲ್ಲಿನಲ್ಲಿದ್ದ ದ್ರವ್ಯವನ್ನು ಬೇರ್ಪಡಿಸಿದರು. ಅದರ ಸಂತತಿಯದೇ ವಾರ್ಫರಿನ್. 1948ರಲ್ಲಿ ಅದು ಪೇಟೆಗೆ ಬಂದುದು ಇಲಿಯ ಪಾಷಾಣವಾಗಿ! 1951ರಲ್ಲಿ ಅಮೆರಿಕೆಯ ಸೈನ್ಯಕ್ಕೆ ಸೇರಿದ್ದ ಒಬ್ಬನು ಸಾಯಬೇಕೆಂದು ಅದನ್ನು ನುಂಗಿದನು. ಕೆ ಜೀವಸತ್ತ್ವವನ್ನೂ ರಕ್ತವನ್ನೂ ಕೊಟ್ಟಮೇಲೆ ಚೇತರಿಸಿಕೊಂಡನು. ಇದಕ್ಕೆ ಮಾರುಮದ್ದು ಉಂಟೆಂದು ಇದರಿಂದ ವೈದ್ಯರಿಗೆ ಧೈರ್ಯ ಬಂದಿತು. 1954ರಲ್ಲಿ ಮನುಷ್ಯರ ಚಿಕಿತ್ಸೆಗೆ ಅನುಮತಿ ದೊರೆಯಿತು. ಮರುವರ್ಷ ಅಮೆರಿಕೆಯ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು.

ವಾರ್ಫರಿನ್ ಮತ್ತು ಅದರ ಸೋದರಿಯಾದ ಅಸೆನೊಕೌಮರಾಲ್, ಇವೆರಡೂ ನಮ್ಮಲ್ಲಿ ಬಳಕೆಯಲ್ಲಿವೆ. ಯಕೃತ್ತು ಕೆ ಜೀವಸತ್ತ್ವದ ನೆರವಿನಿಂದ ಹೆಪ್ಪುಗಟ್ಟಿಸುವ ಸಾರಗಳನ್ನು ತಯಾರಿಸುತ್ತದೆ. ಈ ಔಷಧಗಳು ಆ ನೆರವನ್ನು ತಡೆಯುತ್ತವೆ. ಈ ಜೀವಸತ್ತ್ವವನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಅವರಿಗೆ ಎಡ್ವರ್ಡ್ ಡಾಯ್ಸಿ ಎಂಬ ಮತ್ತೊಬ್ಬ ಶಾಸ್ತ್ರಜ್ಞರೊಡನೆ 1943ರ ನೊಬೆಲ್ ಪಾರಿತೋಷಕವು ಸಂದಿತು.

ಈ ಗುಳಿಗೆಗಳನ್ನು ನುಂಗುವವರಲ್ಲಿ ಕವಾಟದ ರೋಗಿಗಳು ನಮ್ಮ ದೇಶದಲ್ಲಿ ಬಹುಮಂದಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನ್ ಅವರ ಮುಂದಾಳುತನದಲ್ಲಿ ಸಿದ್ಧವಾದ ನಮ್ಮದೇ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊತ್ತಮೊದಲು ರೋಗಿಗೆ ಜೋಡಿಸಿದರು. ಇದೇ ಮಹನೀಯರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದರೆಂಬುದು ನಮ್ಮವರಿಗೆ ಅಭಿಮಾನದ ಸಂಗತಿ. ಕವಾಟವು ಎಲ್ಲಿಯದೇ ಆಗಲಿ, ಲೋಹದ್ದಾದರೆ ಗುಳಿಗೆಯನ್ನು ಬಿಡುವಂತಿಲ್ಲ. ರಕ್ತವು ಅದನ್ನು ಪರಕೀಯವೆಂದೇ ಎಣಿಸಿ ಅದರ ಮೇಲೆ ಹೆಪ್ಪುಗಟ್ಟಲು ಹವಣಿಸುತ್ತಿರುತ್ತದೆ.

ಗುಳಿಗೆ ಮತ್ತು ಪರೀಕ್ಷೆ

ರಕ್ತದ ಹದವನ್ನು ಅಳೆಯಲು ಐ.ಎನ್.ಆರ್. ಎಂಬ ಪರೀಕ್ಷೆಯುಂಟು. ಊರೂರಿಗೆ ಅಳತೆ ಬೇರೆಯಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1983ರಲ್ಲಿ ಇದನ್ನು ಜಾರಿಗೆ ತಂದಿತು. ಔಷಧ ಸೇವಿಸದವರಲ್ಲಿ ಈ ಅಂಕೆ ಸುಮಾರು 1. ಔಷಧ ಸೇವಿಸುವವರಲ್ಲಿ ಬಹುಮಂದಿಗೆ ಅದು 2ರಿಂದ 3ರ ನಡುವೆ ಇರತಕ್ಕದ್ದು. ಕೆಲವು ಲೋಹದ ಕವಾಟಗಳವರಿಗೆ 2.5ರಿಂದ 3.5ರ ವರೆಗೆ ಬೇಕಾಗುವುದು. ತಮ್ಮ ರೋಗಿಗೆ ಗೊತ್ತುಮಾಡಿದ ಅಂಕೆ ಯಾವುದೆಂಬುದನ್ನು ವೈದ್ಯರಿಂದ ಕೇಳಿ ಮನೆಯವರೆಲ್ಲ ತಿಳಿದಿರಬೇಕು. ಅಂಕೆ ಇಳಿದರೆ ಹೆಪ್ಪಿನ ಭಯ, ಏರಿದರೆ ಸ್ರಾವದ ಭಯ. ಮೈಯಲ್ಲಿ ಏನೂ ತೋರದಿರುವಾಗಲೇ ಅಂಕೆಯು ಹದ ತಪ್ಪಬಹುದಾದ್ದರಿಂದ, “ಚೆನ್ನಾಗಿಯೇ ಇದ್ದಾರಲ್ಲ” ಎಂದು ಪರೀಕ್ಷೆಯನ್ನು ಮುಂದೂಡುವುದು ಸಲ್ಲದು.

ಗುಳಿಗೆಯನ್ನು ದಿನವೂ ಒಂದೇ ಹೊತ್ತಿಗೆ ಕೊಡಬೇಕು. ಸಂಜೆಯ ಹೊತ್ತು ಒಳ್ಳೆಯದು. ಬೆಳಗ್ಗೆ ಮಾಡಿಸಿದ ಪರೀಕ್ಷೆಯ ಫಲವನ್ನು ನೋಡಿ ಅಂದಿನ ಪ್ರಮಾಣವನ್ನು ವೈದ್ಯರು ತಿದ್ದಬಹುದು. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ಕೊಡಬಹುದು. ಮರುದಿನ ನೆನಪಾದರೆ ಹೋದದ್ದು ಹೋಯಿತೆಂದು ಬಿಟ್ಟು, ಪುಸ್ತಕದಲ್ಲಿ ಬರೆದಿಡಬೇಕು. ಎರಡು ದಿನದ್ದನ್ನು ಒಟ್ಟಿಗೆ ಕೊಡಕೂಡದು. ಗುಳಿಗೆಯನ್ನು ಬಣ್ಣದಿಂದ ಗುರುತಿಸುವುದೂ ಅಪಾಯ. ಒಂದು ಕಂಪೆನಿಯದು ಒಂದು ಬಣ್ಣವಾದರೆ ಮತ್ತೊಂದರದು ಬೇರೆ. ಪಟ್ಟಿಯ ಮೇಲಿನ ಮಿಲಿಗ್ರಾಮನ್ನು ಓದಿಯೇ ಕೊಡತಕ್ಕದ್ದು. ಕಣ್ಣು ಮಂದವಾದ ಹಿರಿಯರ ಕೈಗೆ ಪಟ್ಟಿಯನ್ನೇ ಕೊಟ್ಟು ಸುಮ್ಮನಾಗಬಾರದು.

ಈಚಿನ ವರ್ಷಗಳಲ್ಲಿ ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಔಷಧಗಳು ಬಂದಿವೆ. ಇವುಗಳಿಗೆ ಪದೇ ಪದೇ ಐ.ಎನ್.ಆರ್. ಬೇಕಾಗಿಲ್ಲ, ಸೊಪ್ಪು ತರಕಾರಿಯ ಲೆಕ್ಕವೂ ಇಲ್ಲ. ಆದರೆ ಇವುಗಳ ಗುಣವು ಸುಮಾರು ಒಂದು ದಿನದಲ್ಲಿ ಇಳಿದುಹೋಗುವುದರಿಂದ ಒಂದು ಹೊತ್ತು ತಪ್ಪಿದರೂ ರಕ್ಷಣೆ ತಪ್ಪಿದಂತೆಯೇ. ಮೂತ್ರಪಿಂಡದ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಲೋಹದ ಕವಾಟವಿರುವವರಿಗೆ ಇವು ಸಲ್ಲವು. ಸಂಧಿವಾತದ ಜ್ವರದಿಂದ ಕವಾಟ ಕಿರಿದಾಗಿ ಹೃದಯ ತಾಳತಪ್ಪಿದವರಲ್ಲಿಯೂ ಹಳೆಯ ಔಷಧವೇ ಮೇಲೆಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ತೋರಿಸಿದೆ. ಆದುದರಿಂದ, “ಅವರಿಗೆ ಹೊಸದು ಕೊಟ್ಟಿದ್ದಾರೆ, ನಮಗೇಕಿಲ್ಲ?” ಎಂದು ತಾವಾಗಿ ಬದಲಾಯಿಸಿಕೊಳ್ಳಬಾರದು.

ಕೆಲವರಿಗೆ ಹೆಪಾರಿನ್ ಜಾತಿಯ ಚುಚ್ಚುಮದ್ದನ್ನು ಮನೆಯಲ್ಲಿಯೇ ಹೊಟ್ಟೆಯ ಚರ್ಮದಡಿಗೆ ಕೊಡಬೇಕಾಗುವುದು. ಹೊಕ್ಕುಳಿನಿಂದ ಎರಡು ಅಂಗುಲ ದೂರದಲ್ಲಿ, ದಿನಕ್ಕೊಂದು ಜಾಗದಲ್ಲಿ ಕೊಡಬೇಕು. ಕೊಟ್ಟಮೇಲೆ ಆ ಸ್ಥಳವನ್ನು ಉಜ್ಜಬಾರದು. ಉಜ್ಜಿದರೆ ನೀಲಿಗಟ್ಟುವುದು.

ಅಡಿಗೆಮನೆಯ ಪಾತ್ರ

ವಾರ್ಫರಿನ್ ಸೇವಿಸುವವರು ಸೊಪ್ಪನ್ನೇ ಮುಟ್ಟಬಾರದೆಂಬ ಮಾತು ಮನೆಮನೆಗಳಲ್ಲಿ ಹಬ್ಬಿದೆ. ಇದು ತಪ್ಪು ತಿಳಿವಳಿಕೆ. ಪಾಲಕ್, ದಂಟು, ನುಗ್ಗೆ, ಮೆಂತ್ಯ ಮೊದಲಾದ ಹಸುರು ಸೊಪ್ಪುಗಳಲ್ಲಿ ಕೆ ಜೀವಸತ್ತ್ವ ಹೇರಳವಾಗಿದೆಯೆಂಬುದು ನಿಜ. ಅದು ಔಷಧಕ್ಕೆ ಎದುರಾಗಿ ನಿಲ್ಲುವುದೂ ನಿಜ. ಆದರೆ ವೈದ್ಯರು ಔಷಧದ ಪ್ರಮಾಣವನ್ನು ಗೊತ್ತುಮಾಡುವುದು ರೋಗಿಯು ದಿನವೂ ಉಣ್ಣುವ ಊಟವನ್ನು ಅನುಸರಿಸಿಯೇ. ಕೆಡುಕು ಸೊಪ್ಪಿನಿಂದಲ್ಲ, ಏರುಪೇರಿನಿಂದ. ಒಂದು ವಾರ ಬಸ್ಸಾರು, ಮಸ್ಸೊಪ್ಪು ಎಂದು ದಿನವೂ ಬಡಿಸಿ ಮರುವಾರ ಒಂದು ಎಲೆಯನ್ನೂ ಹಾಕದಿದ್ದರೆ ಅಂಕೆಯು ಉಯ್ಯಾಲೆಯಾಡುವುದು. ವಾರಕ್ಕೆ ಎರಡು ಮೂರು ದಿನ ಸೊಪ್ಪಿನ ಅಡಿಗೆಯೆಂದು ಗೊತ್ತುಮಾಡಿಕೊಂಡು ವರ್ಷವೆಲ್ಲ ಹಾಗೆಯೇ ನಡೆಸಿದರೆ ರೋಗಿಗೂ ಸುಖ, ಅಡಿಗೆಯವರಿಗೂ ನಿರಾಳ.

ಉಪವಾಸದ ವಿಷಯದಲ್ಲಿ ಎಚ್ಚರ ಬೇಕು. ಶ್ರಾವಣದಲ್ಲಿ ಒಪ್ಪೊತ್ತು, ಏಕಾದಶಿಗೆ ನಿರಾಹಾರ ಎಂದು ಊಟವನ್ನು ಹಠಾತ್ತಾಗಿ ಕಡಮೆ ಮಾಡಿದರೆ ಅಂಕೆ ಏರಬಹುದು. ಜ್ವರ, ವಾಂತಿ, ಭೇದಿಗಳಿಂದ ನಾಲ್ಕು ದಿನ ಊಟ ಸೇರದಿದ್ದರೂ ಹಾಗೆಯೇ. ಇಂತಹ ಸಂದರ್ಭದಲ್ಲಿ ಮುಂದಿನ ತಾರೀಖಿನವರೆಗೆ ಕಾಯದೆ ಪರೀಕ್ಷೆ ಮಾಡಿಸುವುದು ಜಾಣತನ. ವ್ರತವನ್ನು ಬಿಡಲಾರದವರು ವೈದ್ಯರಿಗೆ ಮುಂಚಿತವಾಗಿ ಹೇಳಲಿ. ಮದ್ಯವನ್ನು ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಔಷಧ

ನಾವು ಹೇಳಿದ ಆ ತಾಯಿಯನ್ನು ಕೆಡವಿದುದು ಅವರ ವಾಡಿಕೆಯ ಗುಳಿಗೆಯಲ್ಲ. ಅದರ ಜೊತೆಗೆ ಸೇರಿದ ಎರಡನೆಯದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳು ಜಠರದ ಒಳಪದರವನ್ನು ಕೆರೆದು ಹುಣ್ಣು ಮಾಡುತ್ತವೆ. ರಕ್ತವು ನಿಲ್ಲದ ಸ್ಥಿತಿಯಲ್ಲಿರುವಾಗ ಆ ಹುಣ್ಣಿನಿಂದ ಸೋರಿದರೆ ತಡೆಯುವವರಾರು? ವೈದ್ಯರೇ ಹೇಳಿ ಕೊಟ್ಟಲ್ಲದೆ ಆಸ್ಪಿರಿನ್ ಕೂಡ ಸಲ್ಲದು. ಕೆಲವು ಸೋಂಕುನಾಶಕಗಳೂ, ಬೂಷ್ಟುರೋಗಕ್ಕೆ ಕೊಡುವ ಫ್ಲುಕೊನಜೋಲ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮೊದಲಾದುವೂ ಅಂಕೆಯನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜಪೀನ್ ಇಳಿಸುತ್ತವೆ. ಇವುಗಳಲ್ಲಿ ಯಾವುದನ್ನು ಹೊಸದಾಗಿ ಹಿಡಿದರೂ, ಬಿಟ್ಟರೂ, ಪರೀಕ್ಷೆ ಅವಶ್ಯ.

ಸಾರು ಹುಳಿಗಳಿಗೆ ಬೀಳುವ ಅರಿಸಿನ, ಬೆಳ್ಳುಳ್ಳಿ, ಶುಂಠಿಗಳಿಗೆ ಅಂಜಬೇಕಾಗಿಲ್ಲ. ಆದರೆ ಅವುಗಳ ಸಾರವನ್ನು ಗಟ್ಟಿಮಾಡಿ ಡಬ್ಬಿಯಲ್ಲಿ ಮಾರುವ ಗುಳಿಗೆಗಳನ್ನೂ, ಯಾರೋ ಹೇಳಿದ ಕಷಾಯ ಚೂರ್ಣಗಳನ್ನೂ ಕೇಳದೆ ಕೊಡಬಾರದು. “ಗಿಡಮೂಲಿಕೆ ತಾನೆ, ಏನು ಮಾಡೀತು?” ಎನ್ನುವವರು ವಾರ್ಫರಿನ್ನಿನ ಮೂಲವೂ ಹುಲ್ಲೇ ಎಂಬುದನ್ನು ನೆನೆಯಲಿ.

ಕಣ್ಣಿಡಬೇಕಾದ ಚಿಹ್ನೆಗಳು

ಶುಶ್ರೂಷೆ ಮಾಡುವವರು ನಾಚಿಕೆಯನ್ನು ಬದಿಗಿಟ್ಟು ಪ್ರತಿದಿನ ಕೇಳಬೇಕಾದ ಪ್ರಶ್ನೆಗಳಿವೆ. ಮಲವು ಕಪ್ಪಾಗಿ ಅಂಟಂಟಾಗಿದೆಯೆ? ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದು, ಆದರೆ ಅದು ಅದರಿಂದಲೇ ಎಂದು ಮನೆಯಲ್ಲಿ ತೀರ್ಮಾನಿಸಬಾರದು. ಮೂತ್ರ ಕೆಂಪಾಗಿದೆಯೆ? ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದೆ? ತಾಗದಿದ್ದರೂ ಮೈಮೇಲೆ ನೀಲಿ ಕಲೆಗಳೆದ್ದಿವೆಯೆ? ಹೆಣ್ಣುಮಕ್ಕಳಲ್ಲಿ ತಿಂಗಳ ಸ್ರಾವವು ಎಂದಿಗಿಂತ ಹೆಚ್ಚಾಗಿದೆಯೆ? ಸ್ನಾನ ಮಾಡಿಸುವಾಗ ಬೆನ್ನು ತೊಡೆಗಳನ್ನು ನೋಡಿಬಿಟ್ಟರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು.

ಮೃದುವಾದ ಬ್ರಷ್ಷು, ಜಾರದ ಬಚ್ಚಲು, ರಾತ್ರಿ ಎದ್ದರೆ ದಾರಿಗೆ ದೀಪ, ಕ್ಷೌರಕ್ಕೆ ಬ್ಲೇಡಿನ ಬದಲು ವಿದ್ಯುತ್ ಯಂತ್ರ, ಇವು ಅಲ್ಪವಾದರೂ ದೊಡ್ಡ ಉಪಕಾರ ಮಾಡುವುವು. ಅಭ್ಯಂಜನದಲ್ಲಿ ಬಲವಾಗಿ ತಿಕ್ಕಬಾರದು. ಕಾಲಿನ ಮೀನಖಂಡವು ಬಾತು ನೋಯುತ್ತಿದ್ದರೆಂತೂ ಎಣ್ಣೆ ಹಚ್ಚಿ ನೀವಲೇಕೂಡದು. ಒಳಗಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಏರೀತು. ತೋಳಿಗೆ ಸೊಂಟಕ್ಕೆ ಚುಚ್ಚುಮದ್ದು ಹಾಕಿಸಿಕೊಳ್ಳುವ ಮುನ್ನ, ಹಲ್ಲು ಕೀಳಿಸುವ ಮುನ್ನ, ತಾವು ಈ ಔಷಧ ಸೇವಿಸುವವರೆಂದು ಹೇಳಬೇಕು. ಆದರೆ ಹಲ್ಲು ಕೀಳಿಸಬೇಕೆಂದು ತಾವಾಗಿಯೇ ಗುಳಿಗೆಯನ್ನು ನಿಲ್ಲಿಸುವುದು ಕವಾಟವಿರುವವರಿಗೆ ಹಲ್ಲಿನ ರಕ್ತಕ್ಕಿಂತ ಎಷ್ಟೋ ದೊಡ್ಡ ಗಂಡಾಂತರ.

ಕೈ ಕೊಯ್ದುಕೊಂಡರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ, ನಡುವೆ ಎತ್ತಿ ನೋಡದೆ, ಒತ್ತಿ ಹಿಡಿಯಬೇಕು. ಮೂಗಿನಿಂದ ರಕ್ತ ಬಂದರೆ ಮಲಗಿಸದೆ ಕುಳ್ಳಿರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಹಿಡಿಯಬೇಕು. ಅಷ್ಟರಿಂದ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು. ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ, ರೋಗಿ ನಗುತ್ತ ಮಾತಾಡುತ್ತಿದ್ದರೂ, ಆ ಕ್ಷಣವೇ ಹೊರಡತಕ್ಕದ್ದು. ತಲೆಬುರುಡೆಯೊಳಗಿನ ಸ್ರಾವವು ಕೆಲವು ಗಂಟೆಗಳ ತನಕ ಗುಟ್ಟಾಗಿದ್ದು ಆಮೇಲೆ ಪ್ರಕಟವಾಗಬಹುದು. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ, ಅದು ಹೆಪ್ಪಿನಿಂದಲೋ ಸ್ರಾವದಿಂದಲೋ ಎಂದು ಮನೆಯಲ್ಲಿ ತಿಳಿಯುವ ಬಗೆಯಿಲ್ಲ. ಯಾವ ಗುಳಿಗೆಯನ್ನೂ ಬಾಯಿಗೆ ಹಾಕದೆ ಒಯ್ಯುವುದೇ ಸರಿ.

ಹೆಪ್ಪನ್ನು ಕರಗಿಸುವ ಔಷಧ

ಇದುವರೆಗೆ ಹೇಳಿದುವು ಹೆಪ್ಪುಗಟ್ಟದಂತೆ ತಡೆಯುವುವು. ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಗಳು ಬೇರೆ. ಇವನ್ನು ಆಸ್ಪತ್ರೆಯಲ್ಲಿಯೇ ಕೊಡುತ್ತಾರೆ. ಗಂಟಲುಬೇನೆ ತರುವ ಒಂದು ಜಾತಿಯ ಅಣುಜೀವಿಗೆ ಹೆಪ್ಪನ್ನು ಕರಗಿಸುವ ಶಕ್ತಿಯಿದೆಯೆಂದು 1933ರಲ್ಲಿ ಅಮೆರಿಕೆಯ ವಿಲಿಯಂ ಟಿಲೆಟ್ ಕಂಡರು; ಸ್ಟ್ರೆಪ್ಟೊಕೈನೇಸ್ ಎಂಬ ಮದ್ದು ಅದರಿಂದ ಬಂದುದು. ಹೃದಯಾಘಾತದಲ್ಲಿ ಹನ್ನೆರಡು ಗಂಟೆಯೊಳಗೆ, ಹೆಪ್ಪಿನಿಂದಾದ ಪಾರ್ಶ್ವವಾಯುವಿನಲ್ಲಿ ನಾಲ್ಕೂವರೆ ಗಂಟೆಯೊಳಗೆ ಇಂತಹ ಮದ್ದನ್ನು ಕೊಡುವುದುಂಟು. ಎಷ್ಟು ಬೇಗನೋ ಅಷ್ಟು ಲಾಭ. “ವಾಯು ಇರಬೇಕು, ಬೆಳಗಾಗಲಿ ನೋಡೋಣ” ಎಂದು ಕಳೆದ ಗಂಟೆಗಳು ಮತ್ತೆ ದೊರೆಯವು.

ಇಲ್ಲಿ ಮನೆಯವರ ಕೆಲಸ ಸತ್ಯವನ್ನು ಹೇಳುವುದು. ಈಚೆಗೆ ಶಸ್ತ್ರಚಿಕಿತ್ಸೆಯಾಗಿದೆಯೆ, ತಲೆಗೆ ಪೆಟ್ಟಾಗಿದೆಯೆ, ಹಿಂದೆ ಮಿದುಳಿನ ಸ್ರಾವವಾಗಿತ್ತೆ, ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಿದ್ದಾರೆಯೆ, ಲಕ್ಷಣ ಮೊದಲು ತೋರಿದ್ದು ಎಷ್ಟು ಗಂಟೆಗೆ, ಇವನ್ನು ವೈದ್ಯರು ಕೇಳಿದಾಗ ಮುಚ್ಚುಮರೆ ಕೂಡದು. ಮದ್ದು ಕೊಟ್ಟ ದಿನ ರೋಗಿಯನ್ನು ಎಳೆದಾಡಬಾರದು. ಹಾಸಿಗೆಯಲ್ಲಿ ಮೆಲ್ಲನೆ ಹೊರಳಿಸಬೇಕು. ದಾದಿಯರು ಗಳಿಗೆಗೊಮ್ಮೆ ಬಂದು ರಕ್ತದೊತ್ತಡ ನೋಡುವುದು, ಹೆಸರು ಕೇಳಿ ಮಾತಾಡಿಸುವುದು ರೋಗಿಗೆ ಕಿರುಕುಳವೆಂದು ನೆಂಟರು ಬೇಸರಪಡಬಾರದು. ಮಿದುಳಿನಲ್ಲಿ ಸ್ರಾವವಾದರೆ ಮೊದಲ ಸುಳಿವು ಸಿಕ್ಕುವುದು ಆ ಮಾತುಕತೆಯಲ್ಲಿಯೇ. ಸ್ಟ್ರೆಪ್ಟೊಕೈನೇಸನ್ನು ಒಮ್ಮೆ ಪಡೆದವರ ದೇಹವು ಅದರ ವಿರುದ್ಧ ಬಲ ಕಟ್ಟಿಕೊಳ್ಳುವುದರಿಂದ ಅದನ್ನು ಮತ್ತೆ ಕೊಡುವುದಿಲ್ಲ. ಆ ಚೀಟಿಯನ್ನು ಜೋಪಾನವಾಗಿಡಬೇಕು.

ತಾಯಿಯಾಗಲಿರುವವರಿಗೆ

ಕವಾಟ ಬದಲಾಯಿಸಿಕೊಂಡ ತರುಣಿಯರ ಮನೆಯವರಿಗೆ ಒಂದು ಮಾತು. ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಬೆಳವಣಿಗೆಗೆ ಕೇಡುಮಾಡಬಲ್ಲದು. ಹಾಗೆಂದು ಭಯದಿಂದ ತಾನಾಗಿ ಗುಳಿಗೆ ಬಿಟ್ಟರೆ ಕವಾಟದಲ್ಲಿ ಹೆಪ್ಪು ಕಟ್ಟಿ ತಾಯಿಯ ಪ್ರಾಣಕ್ಕೇ ಸಂಚಕಾರ. ಬಸುರಿನಲ್ಲಿ ರಕ್ತವು ಹೆಪ್ಪುಗಟ್ಟುವ ಸ್ವಭಾವ ಇನ್ನೂ ಹೆಚ್ಚು. ಮಗು ಬೇಕೆಂಬ ಆಲೋಚನೆ ಬಂದಾಗಲೇ, ಬಸುರಾಗುವ ಮೊದಲೇ, ವೈದ್ಯರನ್ನು ಕಾಣಬೇಕು. ಹುಡುಗಿಯ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಅತ್ತೆಮನೆಯವರಿಂದ ಮರೆಮಾಡುವ ತವರಿನವರೂ, ತಿಳಿದಮೇಲೆ ಕೊಂಕು ನುಡಿಯುವ ಅತ್ತೆಮನೆಯವರೂ ಆ ಹುಡುಗಿಯ ಜೀವದೊಡನೆ ಆಟವಾಡುತ್ತಾರೆಂಬುದು ನಮ್ಮ ಅಭಿಪ್ರಾಯ.

ಒಂದು ಪುಸ್ತಕ

ಇಷ್ಟನ್ನೂ ನೆನಪಿಡುವುದು ಹೇಗೆಂದು ವಾಚಕರು ಕೇಳಬಹುದು. ನೆನಪನ್ನು ನಂಬಬೇಡಿರಿ, ಒಂದು ಪುಸ್ತಕವನ್ನು ನಂಬಿರಿ. ಹಾಲಿನ ಲೆಕ್ಕಕ್ಕೆ ಇಡುವಂತಹ ಚಿಕ್ಕ ಪುಸ್ತಕ ಸಾಕು. ಮೊದಲ ಪುಟದಲ್ಲಿ ರೋಗಿಯ ಹೆಸರು, ಔಷಧದ ಹೆಸರು, ಏತಕ್ಕಾಗಿ, ಇರಬೇಕಾದ ಅಂಕೆ. ಒಳಗೆ ತಾರೀಖು, ಕೊಟ್ಟ ಪ್ರಮಾಣ, ಪರೀಕ್ಷೆಯ ಫಲ. ಕೊನೆಯ ಪುಟದಲ್ಲಿ ಬೇರೆ ಯಾವ ಔಷಧವನ್ನು ಎಂದಿನಿಂದ ಎಂದಿನವರೆಗೆ ಕೊಟ್ಟೆವೆಂಬ ಪಟ್ಟಿ. ಪ್ರಯಾಣಕ್ಕೆ ಹೊರಟರೆ ಪುಸ್ತಕವೂ ಜೊತೆಗೆ ಬರಬೇಕು.

ನಾವು ಹೇಳಿದ ಆ ಮನೆಯಲ್ಲಿ ಈಗ ಇಂತಹ ಪುಸ್ತಕವೊಂದು ದೇವರ ಗೂಡಿನ ಪಕ್ಕದಲ್ಲಿ ಮೊಳೆಗೆ ತೂಗಾಡುತ್ತಿದೆ. ಆ ತಾಯಿಗೆ ಅಕ್ಷರ ಬಾರದು. ಸೊಸೆಯು ಸಂಜೆ ಗುಳಿಗೆ ಕೊಟ್ಟು ತಾರೀಖು ಬರೆದಮೇಲೆ, “ಇವತ್ತು ಹೇಗಿತ್ತು?” ಎಂದು ಒಂದೇ ಮಾತು ಕೇಳುತ್ತಾಳೆ, ಅತ್ತೆಯು ಈಗ ನಾಚದೆ ಉತ್ತರ ಹೇಳುತ್ತಾರೆ. ಉತ್ತರವನ್ನೂ ಅಲ್ಲಿಯೇ ಬರೆದುಕೊಳ್ಳುವುದು ರೂಢಿಯಾಗಿದೆ. ಕಳೆದ ಮಳೆಗಾಲದಲ್ಲಿ ವಸಡಿನಿಂದ ತುಸು ರಕ್ತ ಬಂದುದು ಹೀಗೆಯೇ ತಿಳಿಯಿತು. ಮರುದಿನ ಪರೀಕ್ಷೆ ಮಾಡಿಸಿದರು. ಅಂಕೆ ಏರಿತ್ತು, ವೈದ್ಯರು ಪ್ರಮಾಣವನ್ನು ತಗ್ಗಿಸಿದರು. ಈ ಸಲ ಆಸ್ಪತ್ರೆಯ ಹಾಸಿಗೆ ಬೇಕಾಗಲಿಲ್ಲ.